ಮಟಮಟ ಮಧ್ಯಾಹ್ನದ ಕರಿ ಚಿಗರಿ

ರೋಣ ತಾಲ್ಲೂಕಿನ ಬೆಳವಣಕಿಯ ಎರಿ ಹೊಲದಲ್ಲಿ ಮಾರ್ಚ್ ಕೊನೆಯ ಮಟಮಟ ಮಧ್ಯಾಹ್ನವೆಂದರೆ ಕಾಗೆಯೂ ಕೂಗದ ಹೊತ್ತು. ಕಡಲೆ ರಾಶಿಯಾಗಿ ತಿಂಗಳಾಗಿದೆ. ಜೋಳದ ಕಣಕಿ ಬಣವೆ ಸೇರಿದೆ. ನೆಲ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಕೆಲವು ಬಿರುಕುಗಳೊಳಗೆ ಮೊಳಕೈವರೆಗೆ ಕೈ ಇಳಿಸಬಹುದು. ಬದುವಿನ ಬನ್ನಿ ಗಿಡದ ಹರಕು ನೆರಳಿನಲ್ಲಿ ನಾನು, ಹೊಲದ ಯಜಮಾನರಾದ ಕಾಕಾ, ಅವರ ಕಂದು ನಾಯಿ ಕೂತಿದ್ದೆವು. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಳ್ಳುತ್ತಿದ್ದ ಕಾಕಾ ಗದ್ದ ಎತ್ತಿ ತೋರಿಸಿದರು.

"ಅಲ್ನೋಡು ತಮ್ಮಾ, ನಿಂತಾನ ನಮ್ಮ ಪಾಲುದಾರ."

ಮೊದಲಿಗೆ ನನಗೆ ಕಂಡದ್ದು ಬಿಸಿಲ್ಗುದುರೆ ಮಾತ್ರ. ನೀರಿನಂತೆ ಹರಿಯುತ್ತಿದ್ದ ಆ ಬೆಳಕಿನ ಮೇಲೆ ಒಂದು ಕರಿ ಬೆನ್ನು ತೇಲುತ್ತಿತ್ತು. ಕಾಲುಗಳೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ಮೂಡಿದವು, ಬಿಳಿ ಹೊಟ್ಟೆ ಮೂಡಿತು, ಕೊನೆಗೆ ತಿರುಚಿದ ಎರಡು ಕೊಂಬು. ಬಿಸಿಲ್ಗುದುರೆಗೆ ಸಂಸ್ಕೃತದವರು ಮೃಗತೃಷ್ಣೆ ಎಂದರು, ಜಿಂಕೆಯ ಬಾಯಾರಿಕೆ. ಆದರೆ ಈ ಪ್ರಾಣಿ ಅಲ್ಲಿ ನಿಂತದ್ದು ನೀರಿನ ಆಸೆಗಲ್ಲ. ಇನ್ನೂರು ಹೆಜ್ಜೆ ಆಚೆ ಜಾಲಿ ಗಿಡಗಳ ಸಾಲಿತ್ತು. ಹಿಂಡಿನ ಹೆಣ್ಣುಗಳೆಲ್ಲ ಆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಇವನೊಬ್ಬನೇ ಬಟಾಬಯಲಲ್ಲಿ, ಕರಿ ಮೈ ಹೊತ್ತುಕೊಂಡು, ನೆತ್ತಿಯ ಸೂರ್ಯನ ಕೆಳಗೆ.

ಬೇಟೆಯವರ ಲೆಕ್ಕ ಬಲ್ಲವರಿಗೆ ಇದರ ಅರ್ಥ ಗೊತ್ತು. ಜಿಂಕೆಯಂಥ ಪ್ರಾಣಿ ಸಾಮಾನ್ಯವಾಗಿ ನಸುಕಿನಲ್ಲಿ, ಇಲ್ಲವೇ ಹೊತ್ತು ಇಳಿದ ಮೇಲೆ ಬಯಲಿಗೆ ಬರುತ್ತದೆ. ನಡುಹಗಲು ಅಡಗಿ ಕೂರುತ್ತದೆ. ಬೆದೆಗಾಲದಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯನ್ನು ಕಾಯುವ ಬೇಟೆಗಾರರೂ ನವೆಂಬರಿನಲ್ಲಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗದೆ ಮರದ ಮೇಲೆಯೇ ಕೂತಿರುತ್ತಾರೆ. ಹೆಣ್ಣನ್ನು ಹುಡುಕುತ್ತ ಅಲೆಯುವ ಗಂಡಿಗೆ ಹೊತ್ತಿನ ಪರಿವೆ ಇರುವುದಿಲ್ಲ ಎಂಬುದು ಅವರ ಅನುಭವ. ನಮ್ಮ ಚಿಗರಿಯದು ಇನ್ನೂ ವಿಚಿತ್ರ. ಅದು ಅಲೆಯುವುದಿಲ್ಲ, ನಿಲ್ಲುತ್ತದೆ. ಒಂದೇ ಜಾಗದಲ್ಲಿ, ದಿನಗಟ್ಟಲೆ.

ಚಿಗರಿ ಅಂದರೆ ಕೃಷ್ಣಮೃಗ. ಬೆಂಗಳೂರಿನ ಕಡೆಯವರು ಕಾಡಿನ ಚುಕ್ಕೆ ಜಿಂಕೆಯನ್ನೂ ಇದನ್ನೂ ಒಂದೇ ಹೆಸರಿನಲ್ಲಿ ಮುಗಿಸುತ್ತಾರೆ. ಜಿಂಕೆಯ ಕೊಂಬು ಕವಲೊಡೆಯುತ್ತದೆ, ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೊಂಬಿಗೆ ಕವಲಿಲ್ಲ, ಉದುರುವುದೂ ಇಲ್ಲ. ಒಳಗೆ ಎಲುಬು, ಹೊರಗೆ ಉಗುರಿನಂಥ ಚಿಪ್ಪು. ಕುಲದ ಲೆಕ್ಕದಲ್ಲಿ ಇದು ಜಿಂಕೆಗಿಂತ ನಮ್ಮ ಆಡು, ಆಕಳಿಗೆ ಹತ್ತಿರದ ನೆಂಟ. ಧಾರವಾಡ, ಗದಗ, ಕೊಪ್ಪಳ ಸೀಮೆಯಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ. ಓಡುವುದರಲ್ಲಿ ಅದರ ಹೆಸರು ಎಷ್ಟು ಗಟ್ಟಿಯೆಂದರೆ ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಶುರುವಾದ ತ್ವರಿತ ಬಸ್ಸಿಗೂ ‘ಚಿಗರಿ’ ಎಂದೇ ಹೆಸರಿಟ್ಟರು. ಆ ಬಸ್ಸಿನಲ್ಲಿ ದಿನಾ ಓಡಾಡುವವರಲ್ಲಿ ನಿಜವಾದ ಚಿಗರಿ ನೋಡಿದವರು ಎಷ್ಟು ಮಂದಿಯೋ.

ಹುಟ್ಟುವಾಗ ಗಂಡೂ ಹೆಣ್ಣೂ ಒಂದೇ ಬಣ್ಣ, ಒಣಹುಲ್ಲಿನ ಕಂದು. ಹೆಣ್ಣು ಸಾಯುವವರೆಗೂ ಹಾಗೇ. ಗಂಡು ಎರಡು–ಮೂರು ವರ್ಷ ತುಂಬುತ್ತ ಕಪ್ಪಾಗತೊಡಗುತ್ತದೆ. ಬೆದೆಯ ಕಾಲಕ್ಕೆ ಬಲಿತ ಗಂಡು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ. ಬಿಸಿಲ ನಾಡಿನಲ್ಲಿ ಕಪ್ಪು ಬಣ್ಣ ಸುಖದ್ದಲ್ಲ. ಕಂಬಳಿ ಹೊದ್ದು ಒಲೆ ಮುಂದೆ ಕೂತ ಹಾಗೆ. ಆದರೂ ಅದೇ ಬಣ್ಣ ಬೇಕು. ಬಿಳಿಚಿದ ಬಯಲಿನಲ್ಲಿ ಅರ್ಧ ಮೈಲಿಯಿಂದಲೂ ಕಾಣಬೇಕಲ್ಲ, ಹೆಣ್ಣಿಗೆ, ಎದುರಾಳಿಗೆ. ತೋಳಕ್ಕೂ ಕಾಣುತ್ತದೆ, ಕೋವಿ ಹಿಡಿದವನಿಗೂ ಕಾಣುತ್ತದೆ. ಆ ಲೆಕ್ಕ ಚಿಗರಿಯದಲ್ಲ.

ಕಾಕಾ ನನ್ನನ್ನು ಹಿಂದಿನ ಸಂಜೆಯೇ ಆ ಜಾಗಕ್ಕೆ ಕರೆದುಕೊಂಡು ಹೋಗಿದ್ದರು. ಹೊಲದ ನಡುವೆ, ಗಳೆ ಹೊಡೆದ ಸಾಲುಗಳ ಮೇಲೆ, ಒಂದು ಮೊರದಗಲದ ಜಾಗದಲ್ಲಿ ಹಿಕ್ಕಿ ಗುಡ್ಡೆ ಬಿದ್ದಿತ್ತು. ಮೇಲಿನ ಪದರು ಹಸಿ, ಹೊಳೆಯುವ ಕಪ್ಪು. ಕೆಳಗಿನದು ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದು. ಒಂದೇ ಗಂಡು ದಿನವೂ ಬಂದು ಅದೇ ಜಾಗದಲ್ಲಿ ಹಾಕಿದ ಹಿಕ್ಕಿ. ಪಕ್ಕದ ಜೋಳದ ಕೂಳಿಯ ತುದಿಗೆ ಡಾಂಬರಿನಂಥ ಸಣ್ಣ ಅಂಟು ಮೆತ್ತಿತ್ತು. ಮುಟ್ಟಿ ಮೂಸಿದೆ. ಆಡಿನ ಹೋತದ ವಾಸನೆಯ ದೂರದ ತಮ್ಮನಂತಿತ್ತು. ಚಿಗರಿಯ ಕಣ್ಣಿನ ಮುಂದೆ ಒಂದು ಸೀಳು ಇರುತ್ತದೆ, ಅದರೊಳಗೆ ಗ್ರಂಥಿ. ಗಂಡು ಆ ಸೀಳನ್ನು ಅಗಲಿಸಿ, ಕೂಳಿಯ ತುದಿಯನ್ನು ಅದರೊಳಗೆ ಜೋಪಾನವಾಗಿ ತೂರಿಸಿ, ಗುರುತು ಹಚ್ಚಿ ಹೋಗುತ್ತದೆ. ಕಣ್ಣಿಗೆ ಚುಚ್ಚಿಕೊಂಡೀತು ಎಂದು ನೋಡುವವರಿಗೇ ಭಯವಾಗಬೇಕು.

"ಹೊಲದ ಉತಾರ ನನ್ನ ಹೆಸರಿನಾಗ ಐತಿ," ಅಂದರು ಕಾಕಾ, ಕಾಲಿನಿಂದ ಹಿಕ್ಕಿ ಸರಿಸುತ್ತ. "ಈ ಗುಡ್ಡಿ ಅವನ ಉತಾರ."

ಇದಕ್ಕಿಂತ ಚೆನ್ನಾಗಿ ಯಾವ ಪ್ರಾಣಿಶಾಸ್ತ್ರದ ಪುಸ್ತಕವೂ ಹೇಳಿಲ್ಲ. ಆ ಹಿಕ್ಕಿ ಗುಡ್ಡೆಯೇ ಬಾಂದಕಲ್ಲು. ಅದರ ಸುತ್ತಲಿನ ಕೆಲವು ಎಕರೆ ಅವನ ಸರಹದ್ದು. ಹೆಣ್ಣುಗಳ ಹಿಂಡು ಮೇಯುತ್ತ ಸರಹದ್ದಿನೊಳಗೆ ಬಂದರೆ ಅವನದೇ ದರಬಾರು: ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಕಿವಿ ಇಳಿಬಿಟ್ಟು, ಬಾಲ ಸುರುಳಿ ಮಾಡಿ, ಪುಟ್ಟಪುಟ್ಟ ಹೆಜ್ಜೆ ಇಡುತ್ತ ಸುತ್ತು ಹಾಕುತ್ತಾನೆ, ಗಂಟಲಿನಿಂದ ಗುರುಗುಟ್ಟುವ ಸದ್ದು. ಹಿಂಡು ದಾಟಿ ಹೋದರೆ ಗಡಿಯವರೆಗೆ ಓಡಿ ಅಡ್ಡಗಟ್ಟಲು ನೋಡುತ್ತಾನೆ. ಗಡಿ ದಾಟಿ ಹಿಂದೆ ಹೋಗುವುದಿಲ್ಲ. ಹೋದರೆ ಇನ್ನೊಬ್ಬ ಕರಿಯ ಆ ಜಾಗ ಹಿಡಿದಾನು. ಹಾಗಾಗಿ ಮೇವು ಕಡಿಮೆ, ನೀರು ಕಡಿಮೆ, ನೆರಳಂತೂ ಇಲ್ಲ. ಕೆಲವು ಗಂಡುಗಳು ವಾರಗಟ್ಟಲೆ ಹೀಗೆ ನಿಂತು ಸೊರಗಿ, ಕೊನೆಗೆ ಜಾಗ ಬಿಟ್ಟು ಬರೀ ಗಂಡುಗಳ ಗುಂಪಿಗೆ ಮರಳುತ್ತವೆ.

ಕೆಲವು ಬಯಲುಗಳಲ್ಲಿ ಇಂಥ ಹತ್ತಾರು ಗಂಡುಗಳು ಒತ್ತೊತ್ತಾಗಿ, ಸಂತೆಯ ಅಂಗಡಿಗಳ ಹಾಗೆ ಸಣ್ಣ ಸಣ್ಣ ಜಾಗ ಹಿಡಿದು ನಿಲ್ಲುತ್ತವೆ. ಹೆಣ್ಣುಗಳು ಬಂದು ನೋಡಿ, ಸುತ್ತಾಡಿ, ಆರಿಸಿಕೊಂಡು ಹೋಗುತ್ತವೆ. ಇಂಥ ಸಂತೆಗೆ ವಿಜ್ಞಾನಿಗಳು ‘ಲೆಕ್’ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಗುಜರಾತಿನ ವೇಳಾವದರದ ಹುಲ್ಲುಗಾವಲು ಇದಕ್ಕೆ ಹೆಸರಾದದ್ದು. ನಮ್ಮ ರೋಣ, ಗಜೇಂದ್ರಗಡ ಸೀಮೆಯ ಹೊಲಗಳಲ್ಲಿ ನಾನು ಕಂಡದ್ದು ಒಂಟಿ ಅಂಗಡಿಗಳು ಮಾತ್ರ. ಚಿಗರಿಗೆ ವರ್ಷಕ್ಕೆ ಒಂದೇ ಬೆದೆಗಾಲ ಎಂದೂ ಇಲ್ಲ. ವರ್ಷವಿಡೀ ನಡೆಯುತ್ತದೆ, ಬೇಸಿಗೆಯ ಬಾಗಿಲಲ್ಲಿ ಒಮ್ಮೆ, ಮಳೆಗಾಲದ ಹಿಂದುಗಡೆ ಒಮ್ಮೆ ಏರುತ್ತದೆ. ಐದಾರು ತಿಂಗಳಿಗೆ ಒಂದೇ ಒಂದು ಮರಿ.

ಈ ಹಟವನ್ನು, ಜಾಗ ಬಿಟ್ಟು ಕದಲದ ಈ ಮದವನ್ನು, ಬೇಟೆಯವರು ಸಾವಿರ ವರ್ಷದಿಂದ ಬಲ್ಲರು. ನಮ್ಮ ಸೀಮೆಯಲ್ಲೇ ಬಲ್ಲರು. ರೋಣದ ಪಕ್ಕದ ಸೂಡಿಯ ಗುಡಿಗಳು ಕಲ್ಯಾಣ ಚಾಲುಕ್ಯರ ಕಾಲದವು; ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಸಂಗೀತ, ಆನೆ, ಮೀನು, ಎಲ್ಲದರ ಜೊತೆಗೆ ಬೇಟೆಯ ವಿನೋದಕ್ಕೂ ಅದರಲ್ಲಿ ಒಂದು ಭಾಗವಿದೆ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವ ಉಪಾಯ ಅಲ್ಲಿ ಬರುತ್ತದೆ. ಪಳಗಿಸಿದ ಚೀತಾದಿಂದ ಬೇಟೆಯಾಡಿದ್ದಕ್ಕೆ ನಮ್ಮ ದೇಶದಲ್ಲಿ ಸಿಗುವ ಅತಿ ಹಳೆಯ ಬರಹದ ಆಧಾರವೂ ಇದೇ ಗ್ರಂಥ ಎಂದು ಭಾರತದ ಚೀತಾಗಳ ಇತಿಹಾಸ ಬರೆದ ದಿವ್ಯಭಾನುಸಿಂಹ ಗುರುತಿಸಿದ್ದಾರೆ. ಅಂದರೆ ಈ ಕಸುಬಿನ ಮೊದಲ ಕಾಗದಪತ್ರ ಕನ್ನಡ ನಾಡಿನ ಅರಮನೆಯದು.

ಮೊಗಲರ ಕಾಲಕ್ಕೆ ಬೆದೆಯ ಕೋಪವೇ ಒಂದು ಆಯುಧವಾಯಿತು. ಸಾಕಿದ ಕರಿ ಗಂಡಿನ ಕೊಂಬಿಗೆ ಬಲೆ ಸುತ್ತಿ ಬಯಲಿಗೆ ಬಿಡುತ್ತಿದ್ದರೆಂದು ಅಬುಲ್ ಫಜಲ್ ‘ಐನ್–ಇ–ಅಕ್ಬರಿ’ಯಲ್ಲಿ ಬರೆದಿದ್ದಾನೆ. ತನ್ನ ಜಾಗಕ್ಕೆ ಯಾರೋ ನುಗ್ಗಿದನೆಂದು ಕಾಡು ಗಂಡು ಕೊಂಬು ಬಗ್ಗಿಸಿ ಬರುತ್ತದೆ. ಗುದ್ದಾಟದಲ್ಲಿ ಅದರ ಕೊಂಬು ಬಲೆಗೆ ಸಿಕ್ಕಿಕೊಳ್ಳುತ್ತದೆ. ಬಾಣ ಬೇಡ, ಓಡುವುದು ಬೇಡ. ಅದರ ಸಿಟ್ಟೇ ಅದನ್ನು ಕಟ್ಟಿಹಾಕುತ್ತದೆ. ಜಹಾಂಗೀರನ ಬಳಿ ಇಂಥದೊಂದು ಚಿಗರಿ ಇತ್ತು, ಮನ್ಸರಾಜ್ ಎಂದು ಹೆಸರು. ಸಾಕಿದವುಗಳ ಜೊತೆ ಕಾದಾಡುವುದರಲ್ಲೂ ಕಾಡಿನವನ್ನು ಹಿಡಿಸುವುದರಲ್ಲೂ ಅದಕ್ಕೆ ಸರಿಸಾಟಿ ಇರಲಿಲ್ಲವಂತೆ. ಅದು ಸತ್ತಾಗ ಬಾದಶಹ ಸಮಾಧಿ ಕಟ್ಟಿಸಿದ, ಆ ಬಯಲಿನಲ್ಲಿ ಯಾರೂ ಜಿಂಕೆ ಹೊಡೆಯಬಾರದೆಂದು ಅಪ್ಪಣೆ ಮಾಡಿದ. ಈಗಿನ ಪಾಕಿಸ್ತಾನದ ಶೇಖುಪುರದ ಹಿರನ್ ಮಿನಾರ್ ಅದರ ನೆನಪಿನದು. ತನ್ನ ಕುಲದವರನ್ನೆಲ್ಲ ಹಿಡಿದುಕೊಟ್ಟ ಚಿಗರಿಗೆ ಗೋಪುರ! ರಾಜರ ಪ್ರೀತಿ ಹೀಗೇ ಇರುತ್ತದೆ.

ಚೀತಾ ಬೇಟೆಯಂತೂ ಪೂರ್ತಿ ಹಗಲಿನದು. ಚೀತಾ ಕಣ್ಣಿನಿಂದ ಬೇಟೆಯಾಡುವ ಪ್ರಾಣಿ, ಬೆಳಕು ಬೇಕು. ನಮ್ಮ ಹಳೆಯ ಮಾತಿನಲ್ಲಿ ಸಿವಂಗಿ. ಅದರ ಕಣ್ಣಿಗೆ ಟೋಪಿ ಕಟ್ಟಿ ಚಕ್ಕಡಿಯಲ್ಲಿ ಕೂರಿಸುತ್ತಿದ್ದರು. ಚಕ್ಕಡಿಯೇ ಯಾಕೆ ಎಂದರೆ, ಹೊಲದ ಚಿಗರಿಗೆ ಚಕ್ಕಡಿ ಹೊಸದಲ್ಲ; ದಿನಾ ಗೊಬ್ಬರ ಹೊತ್ತು ಬರುವ, ಕಣಕಿ ಹೊತ್ತು ಹೋಗುವ ಗಾಡಿ. ಕಾಲ್ನಡಿಗೆಯ ಮನುಷ್ಯನನ್ನು ಕಂಡರೆ ಓಡುವ ಹಿಂಡು ಎತ್ತಿನ ಗಂಟೆ ಕೇಳಿ ತಲೆಯನ್ನೂ ಎತ್ತುವುದಿಲ್ಲ. ಗಾಡಿ ನೇರ ಹೋಗದೆ ಓರೆಯಾಗಿ, ಸುತ್ತು ಬಳಸಿ ಹತ್ತಿರವಾಗುತ್ತದೆ. ಹತ್ತಿರವಾದ ಮೇಲೆ ಟೋಪಿ ತೆಗೆದು, ಚೀತಾದ ಮುಖವನ್ನು ಹಿಂಡಿನತ್ತ ತಿರುಗಿಸಿ ಬಿಡುತ್ತಾರೆ. ಮುಗಿಯುವುದಾದರೆ ಕೆಲವೇ ನೂರು ಗಜದೊಳಗೆ ಮುಗಿಯಬೇಕು. ಇಲ್ಲವಾದರೆ ಚೀತಾ ಮುನಿಸಿಕೊಂಡು ಕೂತುಬಿಡುತ್ತದೆ. ಬೇಟೆ ಬಿದ್ದರೆ ಕಟ್ಟಿಗೆಯ ಸೌಟಿನಲ್ಲಿ ಬಿಸಿ ರಕ್ತ ಹಿಡಿದು ಅದರ ಬಾಯಿಗೆ ಒಡ್ಡಿ ಚಿಗರಿಯನ್ನು ಬಿಡಿಸಿಕೊಳ್ಳುತ್ತಿದ್ದರು. ನಮ್ಮ ನೆರೆಯ ಕೊಲ್ಹಾಪುರದ ಸಂಸ್ಥಾನದಲ್ಲಿ ಇದು 20ನೆಯ ಶತಮಾನದವರೆಗೂ ನಡೆಯಿತು. ಇಲ್ಲಿಯ ಚೀತಾಗಳು ತೀರಿದ ಮೇಲೆ ಆಫ್ರಿಕಾದಿಂದ ತರಿಸಿಕೊಂಡು ನಡೆಸಿದರು. ದೇಶದ ಕೊನೆಯ ಚೀತಾಗಳೆಂದು ದಾಖಲಾದ ಮೂರನ್ನು 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ಮಹಾರಾಜ ಹೊಡೆದ. 1952ರಲ್ಲಿ ಚೀತಾ ನಮ್ಮಲ್ಲಿ ಇಲ್ಲವೆಂದು ಸರ್ಕಾರ ಘೋಷಿಸಿತು. 2022ರಲ್ಲಿ ನಮೀಬಿಯಾದಿಂದ ಎಂಟನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟದ್ದು ಎಲ್ಲರೂ ನೋಡಿದ್ದೇ.

ರಾಜರಿಗೆ ಚೀತಾ ಹಿಡಿದುಕೊಡುತ್ತಿದ್ದವರು, ರಾಜರಿಲ್ಲದಾಗ ತಮ್ಮ ಹೊಟ್ಟೆಗಾಗಿ ಚಿಗರಿ ಹಿಡಿಯುತ್ತಿದ್ದವರು ಪಾರ್ಧಿಗಳು. ನಮ್ಮ ಕಡೆ ಅವರಿಗೆ ಹರಣಶಿಕಾರಿಗಳು ಎನ್ನುತ್ತಾರೆ. ಹರಣವೆಂದರೆ ಜಿಂಕೆ, ಹೆಸರಲ್ಲೇ ಕಸುಬು. ಫಾಸೆ ಎಂದರೆ ಉರುಲು. ಫಾಸೆಪಾರ್ಧಿ ಎಂಬ ಹೆಸರೂ ಅದರಿಂದಲೇ ಬಂತು. ಚರ್ಮದ, ನರದ ಸಣ್ಣ ಉರುಲುಗಳನ್ನು ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟಿ ನೆಲಕ್ಕೆ ಗೂಟ ಹೊಡೆದು, ಹಿಂಡನ್ನು ಗದ್ದಲವಿಲ್ಲದೆ ಅತ್ತ ತಿರುಗಿಸುವುದು ಅವರ ಪದ್ಧತಿ. ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದುಕೊಂಡು ಹೋಗಿ ಚಿಗರಿಯ ಹತ್ತಿರ ಸೇರುವುದೂ ಇತ್ತು. ಎತ್ತು ಮೇಯುತ್ತ ನಾಲ್ಕು ಹೆಜ್ಜೆ, ನಿಂತು ಎರಡು ಗಳಿಗೆ, ಮತ್ತೆ ನಾಲ್ಕು ಹೆಜ್ಜೆ. ಈ ತಾಳ್ಮೆಯನ್ನು ಬಂಗಲೆಯ ಸಾಹೇಬರಿಗೆ ಯಾವ ಬಂದೂಕಿನ ಅಂಗಡಿಯೂ ಮಾರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಅರಸರು ಮಾಡಿದ್ದು ವಿನೋದ, ಕಲೆಕ್ಟರ್ ಸಾಹೇಬರು ಮಾಡಿದ್ದು ಶಿಕಾರಿ, ಹರಣಶಿಕಾರಿಗಳು ಮಾಡಿದ್ದು ಅಪರಾಧ. 1871ರಲ್ಲಿ ಬಂದು, 1924ರವರೆಗೆ ಮತ್ತೆ ಮತ್ತೆ ಬಿಗಿಯಾದ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಅಲೆಮಾರಿ ಕುಲಗಳ ಕೂಸನ್ನು ತೊಟ್ಟಿಲಲ್ಲೇ ಕಳ್ಳನೆಂದು ಬರೆದುಕೊಂಡಿತು. ಮುಂಬೈ ಪ್ರಾಂತದ ನಮ್ಮ ಜಿಲ್ಲೆಗಳಲ್ಲಿ ಅವರನ್ನು ತಂತಿಬೇಲಿಯ ವಸತಿಗಳಲ್ಲಿ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯಲ್ಲೂ ಗದಗದಲ್ಲೂ ಇವತ್ತಿಗೂ ‘ಸೆಟ್ಲ್‌ಮೆಂಟ್’ ಎಂದು ಕರೆಯುವ ಬಡಾವಣೆಗಳಿವೆ. ಆ ಹೆಸರಿನ ಬೇರು ಅಲ್ಲಿದೆ. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ.

ಬೆದೆಗೆ ಬಂದ ಪ್ರಾಣಿಯನ್ನು ಹೊಡೆಯಬಹುದೇ ಎಂಬ ಪ್ರಶ್ನೆ ಕೂಡ ಹೊಸದಲ್ಲ. ಬೆಳವಣಕಿಯಿಂದ ಗದಗ ದೂರವೇನಿಲ್ಲ. ಅಲ್ಲಿಯ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಭಾರತವನ್ನು ಈ ಸೀಮೆಯ ಕಟ್ಟೆಗಳ ಮೇಲೆ ಓದಿಸಿ ಕೇಳಿದ ಅಜ್ಜಂದಿರಿದ್ದರು. ಪಾಂಡುವಿನ ಕಥೆ ಅವರಿಗೆಲ್ಲ ಬಾಯಿಪಾಠ. ಬೇಟೆಗೆ ಹೋದ ಪಾಂಡು ಕೂಡುತ್ತಿದ್ದ ಜಿಂಕೆ ಜೋಡಿಗೆ ಬಾಣ ಬಿಟ್ಟ; ಜಿಂಕೆಯ ರೂಪದಲ್ಲಿದ್ದವನು ಕಿಂದಮ ಋಷಿ; ನೀನೂ ಹೆಂಡತಿಯನ್ನು ಕೂಡಿದಾಗಲೇ ಸಾಯುತ್ತೀ ಎಂದು ಶಪಿಸಿ ಸತ್ತ. ಇಷ್ಟು ಎಲ್ಲರಿಗೂ ಗೊತ್ತು. ವ್ಯಾಸಭಾರತದ ಆದಿಪರ್ವದಲ್ಲಿ ಇವರಿಬ್ಬರ ನಡುವೆ ಒಂದು ವಾದ ನಡೆಯುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ಮೃಗವನ್ನು ಕೊಲ್ಲುವುದು ಅರಸರ ಧರ್ಮ, ಕಂಡೂ ಹೊಡೆಯಬಹುದು, ಮರೆಯಿಂದಲೂ ಹೊಡೆಯಬಹುದು ಎಂದು ಪಾಂಡು ತನ್ನ ಪರ ವಕಾಲತ್ತು ಮಾಡುತ್ತಾನೆ. ಕಿಂದಮ ಅದನ್ನು ಅಲ್ಲಗಳೆಯುವುದಿಲ್ಲ. ಜಿಂಕೆ ಕೊಂದೆಯೆಂದು ನಾನು ನಿನ್ನನ್ನು ದೂರುತ್ತಿಲ್ಲ, ಕೂಟ ಮುಗಿಯುವವರೆಗೆ ನೀನು ಕಾಯಬೇಕಿತ್ತು ಎನ್ನುತ್ತಾನೆ. ಬೇಟೆಯಲ್ಲೂ ಒಂದು ಹೊತ್ತು ಗೊತ್ತು ಇದೆ ಎಂಬುದು ಅವನ ತಕರಾರು.

ಬ್ರಿಟಿಷರ 1912ರ ವನ್ಯಪಕ್ಷಿ–ಪ್ರಾಣಿ ಕಾಯ್ದೆ ಹೇಳಿದ್ದೂ ಹೆಚ್ಚುಕಡಿಮೆ ಕಿಂದಮನ ಮಾತನ್ನೇ: ವರ್ಷದಲ್ಲಿ ಇಂತಿಷ್ಟು ಕಾಲ ಹೊಡೆಯಬೇಡಿ, ಉಳಿದಾಗ ಹೊಡೆಯಿರಿ. ರೋಣ ತಾಲ್ಲೂಕು 1956ರ ಏಕೀಕರಣದವರೆಗೂ ಮುಂಬೈಗೆ ಸೇರಿತ್ತು. ಅಲ್ಲಿ 1951ರಲ್ಲಿ ಬೇರೆ ಕಾಯ್ದೆ ಬಂತು, ಲೈಸೆನ್ಸು ಬಂತು. ಕಾಗದದ ಮೇಲೆ ಚೆಂದ. ಆದರೆ ವರ್ಷವಿಡೀ ಬೆದೆಗೆ ಬರುವ ಚಿಗರಿಗೆ ಯಾವ ತಿಂಗಳು ರಜೆ ಕೊಡುತ್ತೀರಿ? ಅಷ್ಟರಲ್ಲಿ ಜೀಪು ಬಂದಿತ್ತು, ಕಣ್ಣು ಕುಕ್ಕುವ ಲೈಟು ಬಂದಿತ್ತು. ದೇಶದ ಬಯಲುಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಹಿಂಡುಗಳು ಬೆರಳೆಣಿಕೆಗೆ ಇಳಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಚರ್ಚೆಯನ್ನೇ ಮುಗಿಸಿತು: ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿದೆ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ, ಕೊಂದವರಿಗೆ ಮೂರರಿಂದ ಏಳು ವರ್ಷ ಜೈಲು. ರಾಜಸ್ಥಾನದ ಕಂಕಾಣಿ ಎಂಬ ಹಳ್ಳಿಯಲ್ಲಿ 1998ರಲ್ಲಿ ನಡೆದ ಬೇಟೆಗೆ ನಟ ಸಲ್ಮಾನ್ ಖಾನ್‌ಗೆ 2018ರಲ್ಲಿ ಜೋಧಪುರದ ನ್ಯಾಯಾಲಯ ಐದು ವರ್ಷದ ಶಿಕ್ಷೆ ಕೊಟ್ಟಿತು. ಅವರ ಮೇಲ್ಮನವಿ, ಜಾಮೀನಿನ ಕಥೆ ಬೇರೆ. ಅಲ್ಲಿ ಪಟ್ಟು ಬಿಡದೆ ನಿಂತವರು ಬಿಷ್ಣೋಯಿ ಹಳ್ಳಿಗರು.

ಇನ್ನೊಂದು ತಮಾಷೆ ಕೇಳಿ. ನಮ್ಮ ಕೃಷ್ಣಮೃಗವನ್ನು ಇವತ್ತು ಕಾನೂನುಬದ್ಧವಾಗಿ, ಹಣ ಕೊಟ್ಟು, ಹೊಡೆಯಬೇಕೆಂದರೆ ಅಮೆರಿಕದ ಟೆಕ್ಸಾಸಿನಂಥ ಕಡೆ ಹೋಗಬೇಕು. 1932ರಲ್ಲಿ ಟೆಕ್ಸಾಸಿಗೆ ಒಯ್ದವು ಬೇಲಿ ಹಾಕಿದ ಖಾಸಗಿ ಜಮೀನುಗಳಲ್ಲಿ ಹುಲುಸಾಗಿ ಬೆಳೆದಿವೆ. ಪಾಕಿಸ್ತಾನದಲ್ಲಿ ಚಿಗರಿ ಪೂರ್ತಿ ಅಳಿದು ಹೋದಾಗ 1970ರಲ್ಲಿ ಬೀಜದ ಹಿಂಡನ್ನು ತರಿಸಿಕೊಂಡದ್ದು ಕೂಡ ಟೆಕ್ಸಾಸಿನಿಂದಲೇ.

ಕರ್ನಾಟಕದಲ್ಲಿ ಚಿಗರಿಗೆಂದೇ ಎತ್ತಿಟ್ಟ ಜಾಗಗಳಿವೆ. ಹಾವೇರಿಯ ರಾಣೇಬೆನ್ನೂರಿನಲ್ಲಿ 1974ರಲ್ಲಿ ಆದ 119 ಚದರ ಕಿಲೋಮೀಟರಿನ ಅಭಯಾರಣ್ಯ, ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು. ರಾಣೇಬೆನ್ನೂರಿನಲ್ಲಿ ಹುಲ್ಲಿನ ಪ್ರಾಣಿಗೆ ನೀಲಗಿರಿ ನೆಡುತೋಪು ಕಟ್ಟಿಕೊಟ್ಟದ್ದು ನಮ್ಮ ಕಾಲದ ಜಾಣತನ. ಗಿಡ ನೆಟ್ಟರೆ ಪುಣ್ಯ ಎಂದು ಕಲಿತವರಿಗೆ ಖಾಲಿ ಬಯಲೂ ಒಂದು ಕಾಡು ಎಂದು ತಿಳಿಸುವುದು ಕಷ್ಟ. ಇದೇ ಎರೆಯ ದೊಡ್ಡ ಹಕ್ಕಿ ಎರೆಭೂತ, ಮೊದಲು ನಮ್ಮ ಬಯಲುಸೀಮೆಯ ಉದ್ದಗಲಕ್ಕೂ ಓಡಾಡುತ್ತಿದ್ದದ್ದು, ಇವತ್ತು ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಬಂದಿದೆ. ಚಿಗರಿ ಮಾತ್ರ ಹೊಲಕ್ಕೆ ಒಗ್ಗಿಕೊಂಡು ಬದುಕಿತು.

ಬೆಳವಣಕಿಯ ಹೊಲದಲ್ಲಿ ಅಭಯಾರಣ್ಯದ ಫಲಕವಿಲ್ಲ. ರೋಣ, ಗಜೇಂದ್ರಗಡ, ಆಚೆ ಕುಕನೂರು, ಯಲಬುರ್ಗಾದವರೆಗೆ ಚಿಗರಿ ಇರುವುದು ರೈತರ ಪಟ್ಟಾ ಜಮೀನಿನಲ್ಲೇ. ಮುಂಗಾರಿಗೆ ಹೆಸರು ಬಿತ್ತಿ ಎರಡೆಲೆ ಮೂಡುವಷ್ಟರಲ್ಲಿ ಹಿಂಡು ಇಳಿಯುತ್ತದೆ. ಹಿಂಗಾರಿಗೆ ಕಡಲೆ ಚಿಗುರು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಎರಡು ಕರಿ ಗಂಡು ಕೊಂಬು ಹೆಣೆದು ಕಾದಾಡಿದ ಜಾಗದಲ್ಲಿ ಒಂದು ಚಾಪೆಯಗಲ ಬೆಳೆ ಉಳಿಯುವುದಿಲ್ಲ. ರೈತರು ಬದುವಿಗೆ ಹಳೆಯ ಸೀರೆ ಕಟ್ಟುತ್ತಾರೆ, ಗಾಳಿಗೆ ಮಿಂಚುವ ಪಟ್ಟಿ ಎಳೆಯುತ್ತಾರೆ, ರಾತ್ರಿ ಡಬ್ಬಿ ಬಡಿಯುತ್ತಾರೆ. ಹದಿನೈದು ದಿನಕ್ಕೆ ಚಿಗರಿಗೆ ಸೀರೆಯ ಬಣ್ಣವೂ ಡಬ್ಬಿಯ ಸದ್ದೂ ಪರಿಚಯವಾಗುತ್ತದೆ.

"ಪರಿಹಾರ ಬರ್ತೈತಲ್ಲ ಕಾಕಾ?" ಎಂದು ಕೇಳಿದೆ.

"ಬರ್ತೈತಿ. ಅರ್ಜಿ, ಉತಾರ, ಫೋಟೋ, ಪಂಚನಾಮೆ. ಅವರು ಬಂದು ನೋಡೂದ್ರಾಗ ನಾ ಹರಗಿ ಬ್ಯಾರೆ ಬಿತ್ತಿರ್ತೇನಿ." ಅವರು ರೊಟ್ಟಿಯ ತುಂಡೊಂದನ್ನು ನಾಯಿಗೆ ಎಸೆದರು. "ಹೊಡದ್ರ ಜೇಲು, ಬಿಟ್ರ ಬೆಳಿ ಹೋತು. ಆದ್ರ ತಮ್ಮಾ, ನಮ್ಮಪ್ಪ ಇದ್ದಾಗಿಂದ ನೋಡಾಕತ್ತೇನಿ, ವಿಷಾ ಇಡು ಅಂತ ಯಾರರ ಹೇಳಿದ್ರ ನಮ್ಮವ್ವ ಬಾಯಿ ಮ್ಯಾಲೆ ಹೊಡೀತಿದ್ಲು."

ಅಂದರೆ ಈ ಸೀಮೆಯ ಚಿಗರಿಯನ್ನು ಐವತ್ತು ವರ್ಷ ಕಾಯ್ದೆಯೊಂದೇ ಕಾಯಲಿಲ್ಲ. ಅದನ್ನು ಸಾಕಿದ್ದು ಇಂಥವರ ಹೊಲದ ಹೆಸರು, ಕಡಲೆ. ಯಾವ ಅರಣ್ಯ ಸಪ್ತಾಹದ ವೇದಿಕೆಯ ಮೇಲೂ ಇವರಿಗೆ ಶಾಲು ಹೊದಿಸಿದ್ದು ನಾನು ನೋಡಿಲ್ಲ; ಶಾಲು ಇವರಿಗೆ ಬೇಕಾಗಿಯೂ ಇಲ್ಲ. ಬಿತ್ತನೆಯ ಮೂರು ವಾರ ಊರಿಗೊಬ್ಬ ಕಾವಲುಗಾರನ ಸಂಬಳ, ಹದಿನೈದು ದಿನದೊಳಗೆ ಕೈಗೆ ಬರುವ ಪರಿಹಾರ, ಅತಿಕ್ರಮಣವಾಗದೆ ಉಳಿದ ಗಾಯರಾಣವನ್ನು ಉಳುವುದೂ ಬೇಡ, ನೆಡುವುದೂ ಬೇಡ, ಹುಲ್ಲಿಗೆ ಬಿಡಿ ಎಂಬ ಒಂದು ಆದೇಶ. ಇಷ್ಟಾದರೆ ಅರ್ಧ ತಕರಾರು ಮುಗಿದೀತು ಎಂದು ನನ್ನ ಲೆಕ್ಕ. ಹೊಲದ ಚಿಗರಿಯನ್ನೆಲ್ಲ ಹಿಡಿದು ಲಾರಿಗೆ ತುಂಬಿ ಬೇರೆ ಕಡೆ ಬಿಡಿ ಎನ್ನುವವರೂ ಇದ್ದಾರೆ. ಗಾಬರಿಗೇ ಜೀವ ಬಿಡುವ ಪ್ರಾಣಿಯದು; ಹಾಗೆ ಹೇಳುವವರು ಒಂದು ಚಿಗರಿಯನ್ನೂ ಹತ್ತಿರದಿಂದ ಕಂಡಿರಲಾರರು.

ಎರಡು ಗಂಟೆಯ ಹೊತ್ತಿಗೆ ಜಾಲಿ ನೆರಳಿನಿಂದ ಮೂರು ಹೆಣ್ಣು ಎದ್ದವು. ನಮ್ಮ ಕರಿಯ ಮೂತಿ ಎತ್ತಿದ. ಅಷ್ಟರಲ್ಲಿ ಕಾಲುದಾರಿಯ ಮೇಲೆ ಧೂಳೆದ್ದಿತು. ಎರಡು ಬೈಕು, ನಾಲ್ಕು ಹುಡುಗರು. ಹಿಂದೆ ಕೂತವನ ಕೈಯಲ್ಲಿ ಮೊಬೈಲು. ಹಾರ್ನ್ ಬಾರಿಸುತ್ತ ಹೊಲಕ್ಕೇ ಇಳಿಸಿದರು. ಹೆಣ್ಣುಗಳು ಒಂದೇ ನೆಗೆತಕ್ಕೆ ಆಳೆತ್ತರ ಹಾರಿ ಬಿಸಿಲ್ಗುದುರೆಯೊಳಗೆ ಕರಗಿದವು. ಕರಿಯ ಓಡಲಿಲ್ಲ. ನಿಂತ, ಹತ್ತು ಹೆಜ್ಜೆ ಓಡಿದ, ಮತ್ತೆ ತಿರುಗಿ ನಿಂತ. ಜಾಗ ಬಿಡಲು ಅವನಿಗೆ ಮನಸ್ಸಿಲ್ಲ. ಬೈಕು ಇನ್ನೂ ಹತ್ತಿರ ಬಂದಾಗ ಕೊನೆಗೂ ಓಡಿದ, ಬಾಯಿ ತೆರೆದುಕೊಂಡು, ಆ ಬಿಸಿಲಿನಲ್ಲಿ. ಕಾಕಾ ಎದ್ದು ನಿಂತು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಹುಡುಗರು ನಕ್ಕು, ಗಾಡಿ ತಿರುಗಿಸಿ ಹೋದರು. ಕೋವಿಯಿಲ್ಲ, ಉರುಲಿಲ್ಲ, ಇದು ಬೇಟೆಯೆಂದು ಅವರಿಗೆ ಅನ್ನಿಸಿಯೇ ಇರಲಿಕ್ಕಿಲ್ಲ. ನಾವು ಐದು ಗಂಟೆಯವರೆಗೆ ಕೂತೆವು. ಹಿಕ್ಕಿ ಗುಡ್ಡೆಯ ಹತ್ತಿರ ಯಾರೂ ಬರಲಿಲ್ಲ.

ಚಿಗರಿಯ ಕಾಲಿಗೆ ಎಷ್ಟು ಕಸುವಿದ್ದರೂ ಸುಡುಬಿಸಿಲಿನಲ್ಲಿ ಅಟ್ಟಿಸಿಕೊಂಡು ಹೋದರೆ ಮೈ ಕಾದು, ಸ್ನಾಯು ಕೆಟ್ಟು, ಆಮೇಲೆ ಎಲ್ಲೋ ಮರೆಯಲ್ಲಿ ಬಿದ್ದು ಸಾಯಬಹುದು. ವಿಡಿಯೋದಲ್ಲಿ ಅದು ಕಾಣುವುದಿಲ್ಲ. ಬಸುರಿ ಹೆಣ್ಣಾದರೆ ಎರಡು ಜೀವ. ಕಾಯ್ದೆಯ ಕಣ್ಣಿಗೂ ಇದು ಆಟವಲ್ಲ. ವನ್ಯಪ್ರಾಣಿಯನ್ನು ಅಟ್ಟುವುದೂ 1972ರ ಕಾಯ್ದೆಯ ಪ್ರಕಾರ ಬೇಟೆಯೇ.

ರೋಣದ ಕಡೆ, ನರಗುಂದದ ಕಡೆ, ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಹೋಗುವ ದಾರಿಯಲ್ಲಿ ನಡುಹಗಲು ಹೊಲದ ಮಧ್ಯೆ ಒಂದು ಕರಿ ಚಿಗರಿ ಒಂಟಿಯಾಗಿ ನಿಂತದ್ದು ಕಂಡರೆ ದಯವಿಟ್ಟು ಗಾಡಿಯನ್ನು ರಸ್ತೆಯ ಮೇಲೆಯೇ ನಿಲ್ಲಿಸಿ, ಅಲ್ಲಿಂದಲೇ ನೋಡಿ. ನಿಮ್ಮ ಮನೆಯ ಹುಡುಗರಿಗೂ ಹೇಳಿ. ನಾಯಿ ಬಿಟ್ಟು, ಬೈಕು ಬಿಟ್ಟು ಯಾರಾದರೂ ಅಟ್ಟುತ್ತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿಗೆ ಒಂದು ಕರೆ ಮಾಡಿ. ನಂಬರು 1926.